ಬೆಳಗಾವಿಗೆ ಒಂದೂವರೆ ತಾಸು

ತಮ್ಮಾ ಕಲಗೊಂಡ,

ಇಚಲಕರಂಜಿಯ ಸೀರೆ ವ್ಯಾಪಾರಿ ಸಾತಪ್ಪನವರು ಇವತ್ತು ಗಡಹಿಂಗ್ಲಜಕ್ಕೆ ಬಂದಿದ್ದರು. ಹೋದ ವರ್ಷ ನನ್ನ ಮಗಳು ನೀಲವ್ವನ ಮದುವೆಗೆ ಬರಲಾಗಲಿಲ್ಲವೆಂದು ಕೈಮುಗಿದರು.

"ಅವತ್ತ ಬೆಳಗಾವ್ಯಾಗ ಯಾಪಾರದ ಕೆಲಸ ಬಿತ್ತು. ಮುಂಜಾನೆ ಮುಂಬೈದಿಂದ ವಿಮಾನದಾಗ ಅಲ್ಲಿಗೆ ಬಂದೆ ಅಕ್ಕಾರ. ಒಂದೂವರೆ ತಾಸು ಅಷ್ಟ! ವಿಮಾನದವರು ಕೊಟ್ಟ ಪೆಪ್ಪರಮಿಂಟ್ ಬಾಯಾಗ ಕರಗೂದ್ರಾಗ ಪುಣೆ ದಾಟಿತ್ತು. ನಿಮ್ಮ ತಮ್ಮನೂ ನನ್ನ ಬಾಜೂಕನ ಕುಂತಿದ್ರು. ಮದವಿಗೇ ಹೊಂಟಿದ್ರಲ್ರಿ?"

"ಹೌದ್ರಿ, ಬಂದಿದ್ದ," ಎಂದೆ.

ದಾರಿ ದೂರ, ಮುಹೂರ್ತಕ್ಕೆ ಮುಟ್ಟಲಾರೆ ಎಂದು ನೀನು ಮುಂಬೈಯಿಂದ ಕಳಿಸಿದ ತಂತಿ ಇನ್ನೂ ದೇವರ ಜಗಲಿಯ ಮೇಲಿದೆ. ಅದು ಬಂದ ಮೇಲೂ ನಾನು ಕಾದೆ. ಸೋದರಮಾವ ಕೈಹಿಡಿದು ಕರೆತರದೆ ಮದುಮಗಳು ಹಂದರಕ್ಕೆ ಬರಬಾರದೆಂದು ಹಟ ಹಿಡಿದು, ಬೀಗರ ಮಾತು ಕೇಳಿಸಿಕೊಂಡು, ಲಗ್ನ ಮಾಡಿಸುವ ಅಯ್ಯನವರನ್ನು ಅರ್ಧ ತಾಸು ತಡೆದೆ. ಮೋಟಾರಿನ ಸದ್ದಾದಾಗಲೆಲ್ಲ ಹೊರಗೆ ಓಡಿದೆ. ಕೊನೆಗೆ ನೆರೆಮನೆಯ ದುಂಡಪ್ಪ ಅವಳ ಕೈಹಿಡಿದ. ಆ ಹೊತ್ತಿಗೆ ನೀನು ಬೆಳಗಾವಿಯಲ್ಲಿದ್ದೆ. ಇಲ್ಲಿಗೆ ಬಸ್ಸಿನಲ್ಲಿ ಎರಡೇ ತಾಸು. ಅಲ್ಲಿ ನಿನಗೇನು ಕೆಲಸವಿತ್ತು ಎಂದು ಕೇಳುವುದಿಲ್ಲ.

ನೀಲವ್ವ ಈಗ ಬಸುರಿ. ಬರುವ ತಿಂಗಳು ಕುಪ್ಪಸದ ಶಾಸ್ತ್ರ. ಸಾತಪ್ಪನವರು ಹೋದ ಮೇಲೆ ಅವಳೇ ಹಾಳೆ, ಮಸಿ ತಂದಿಟ್ಟಳು.

"ಮಾಮಾಗ ಈಗ್ಲೇ ಬರಿಯವ್ವಾ. ಪಾಪ, ಭಾಳ ದೂರದಿಂದ ಬರಬೇಕು."

ಬರೆದಿದ್ದೇನೆ. ಇದನ್ನು ಒಲೆಗೆ ಹಾಕಿ, ಅಂಚೆಗೆ ಹಾಕಿದೆನೆಂದು ಅವಳಿಗೆ ಹೇಳುತ್ತೇನೆ. ಕುಪ್ಪಸದ ದಿನ ಅವಳು ಬಾಗಿಲ ಕಡೆ ನೋಡಿದರೆ, ದಾರಿ ದೂರ ಎಂದು ಈ ಸಲ ನಾನೇ ಹೇಳುತ್ತೇನೆ.

ನಿನ್ನ ಅಕ್ಕ