ಹುಳದ ಮನೆಯ ದನಿ

14-8-2018, ಮಂಗಳವಾರ ರಾತ್ರಿ, ಹಿಂದೂಪುರ

ರಂಗಕ್ಕಾ, ಮಂಡಿನೋವು ಹೇಗಿದೆ? ಸೂರಪ್ಪ ಭಾವನ ಕೆಮ್ಮು ಇಳಿಯಿತೇ? ಮಡಕಶಿರದಲ್ಲಿರುವ ನಿಮಗೆ ಕಾಗದ ಬರೆದು ಬರೆದು, ಈ ದಿನಚರಿಯಲ್ಲೂ ಮೊದಲು ನಿಮ್ಮನ್ನೇ ಕೇಳುವಂತಾಗಿದೆ.

ನನ್ನ ಮಗಳು ವನಿತಾಳ ಕೂಸು ತಿಂಗಳು ತುಂಬದೆ ಹುಟ್ಟಿ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದೆ. ಮಿದುಳಿಗೆ ಎಷ್ಟು ಆಮ್ಲಜನಕ ಸಿಗುತ್ತಿದೆ ಎಂದು ತಿಳಿಯಲು ಹಣೆಗೆ ಪಟ್ಟಿ ಅಂಟಿಸಿದ್ದಾರೆ. ಮೊನ್ನೆ ವನಿತಾ "ಏ ಬಂಗಾರಾ!" ಎಂದು ಕೂಗಿದಳು. ಗಾರ್ಮೆಂಟ್ಸಿನಲ್ಲಿ ಮಿಷನ್ನುಗಳ ಸದ್ದಿನ ನಡುವೆ ದುಡಿದು ದೊಡ್ಡದಾದ ದನಿ ಅದು. ಕೂಸು ಬೆಚ್ಚಿ ಕತ್ತು ಹೊರಳಿಸಿತು, ಪರದೆಯ ಮೇಲಿನ ಅಂಕಿ ಇಳಿಯಿತು. ಸಿಸ್ಟರು ತಲೆಯನ್ನು ನೇರ ಮಾಡಿ, ಎರಡೂ ಪಕ್ಕಕ್ಕೆ ಬಟ್ಟೆಯ ಸುರುಳಿ ಇಟ್ಟ ಮೇಲೆ ಮತ್ತೆ ಏರಿತು. ಅಂದಿನಿಂದ ವನಿತಾ ಕೂಸಿನ ಮುಂದೆ ಬಾಯಿಯನ್ನೇ ತೆರೆದಿರಲಿಲ್ಲ.

ಇವತ್ತು ಸಂಜೆ ಕೇಳಿದೆ, "ಯಾಕೇ, ಮೂಗಿ ಆದ್ಯಾ?"

"ನನ್ ಗಂಟ್ಲು ಕೇಳಿದ್ರೆ ಅದ್ರ ಉಸ್ರೇ ಕಮ್ಮಿ ಆಗ್ತೈತಮ್ಮ."

"ರೇಷ್ಮೆಹುಳ ಜ್ವರಕ್ಕೆ ಕೂತಾಗ ಹೆಂಗ್ ಮಾತಾಡ್ತಿದ್ದೆ? ಹಂಗೇ ಮಾತಾಡು."

ಹುಳ ಪೊರೆ ಬಿಡುವ ಆ ಹೊತ್ತಿನಲ್ಲಿ ರೇಷ್ಮೆ ಸಾಕುವ ನಮ್ಮ ಮನೆಯಲ್ಲಿ ಯಾರೂ ದನಿ ಎತ್ತುವುದಿಲ್ಲ, ಹುಳದ ತಟ್ಟೆ ಅಲುಗಿಸುವುದಿಲ್ಲ. ವನಿತಾ ಬಗ್ಗಿ ಏನೋ ಪಿಸುಗುಟ್ಟಿದಳು. ಪಕ್ಕದಲ್ಲೇ ಇದ್ದ ನನಗೂ ಕೇಳಲಿಲ್ಲ. ಅಂಕಿ ಇದ್ದಲ್ಲೇ ಇತ್ತು. ಕೂಸಿನ ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು.

ಈಗ ಕಣ್ಣು ಮುಚ್ಚಿದರೆ ಕೂಸು ಹಿಪ್ಪುನೇರಳೆ ಎಲೆಗಳ ಮೇಲೆ ಮಲಗಿದೆ. ನಾವೆಲ್ಲ ಸುತ್ತ ಬರಿಗಾಲಲ್ಲಿ, ಉಸಿರು ಹಿಡಿದು ಓಡಾಡುತ್ತಿದ್ದೇವೆ.

ಪುಟ್ಟಾ, ನಿನ್ನಮ್ಮನಿಗೆ ಬೇಗ ಉತ್ತರ ಕೊಡು. ನೀನು ಎಷ್ಟು ಗಟ್ಟಿಯಾಗಿ ಅತ್ತರೂ ಯಾರೂ ಸುಮ್ಮನಿರು ಎನ್ನುವುದಿಲ್ಲ.