ಐದರ ಬದಲು ಮೂರು ಚಮಚ

೧೪ ಅಕ್ಟೋಬರ್ ೨೦೨೫, ಮಂಗಳವಾರ. ಕಾನಹೊಸಹಳ್ಳಿ.

ಪುಟ್ಟಿಯ ತೂಕ ನೂರು ಗ್ರಾಂ ಇಳಿದಿದೆ. ಮೂರು ತಿಂಗಳ ಕೂಸಿನ ತೂಕ ಹೀಗೆ ಇಳಿಯಬಾರದು ಎಂದು ಅಂಗನವಾಡಿಯ ಸುಕನ್ಯಾ ಟೀಚರ್ ಎರಡು ಸಲ ತೂಗಿ ನೋಡಿದರು.

"ಬಾಟಲಿಗೆ ಡಬ್ಬಿ ಹಾಲಿನ ಪುಡಿ ಎಷ್ಟು ಚಮಚ ಹಾಕ್ತಿ, ಸಂಗೀತಾ?"

"ಐದು ರೀ," ಎಂದೆ.

ಸುಳ್ಳು. ಇಪ್ಪತ್ತು ದಿನದಿಂದ ಅಷ್ಟೇ ನೀರಿಗೆ ಮೂರು ಚಮಚ ಹಾಕುತ್ತಿದ್ದೇನೆ. ಬಾಣಂತನದ ಜ್ವರದಲ್ಲಿ ನನ್ನ ಎದೆಹಾಲು ಬತ್ತಿಹೋಯಿತು. ಐದು ಹಾಕಿದರೆ ನಾನೂರೈವತ್ತು ರೂಪಾಯಿಯ ಡಬ್ಬಿ ನಾಲ್ಕೇ ದಿನಕ್ಕೆ ಮುಗಿಯುತ್ತದೆ. ನಮ್ಮ ಮನೆಯವರಿಗೆ ವಾರದಲ್ಲಿ ಮೂರು ದಿನ ಹಮಾಲಿ ಕೆಲಸವೇ ಸಿಗುವುದಿಲ್ಲ.

ಮನೆಗೆ ಹೊರಟು ಅರ್ಧ ದಾರಿ ಬಂದವಳು ತಿರುಗಿ ಅಂಗನವಾಡಿಗೆ ಹೋದೆ.

"ಟೀಚರ್, ಮೂರೇ ಹಾಕ್ತೀನ್ರಿ. ಡಬ್ಬಿ ಸಾಲೋದಿಲ್ರಿ."

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪುಟ್ಟಿಯ ಪಾದ ಹಿಡಿದುಕೊಂಡರು.

"ಇವತ್ತಿಂದ ಪೂರಾ ಹಾಕು ತಂಗಿ. ನಾಳಿ ಡಾಕ್ಟರ ಹತ್ರ ನಾನೂ ಬರ್ತೀನಿ."

ರಾತ್ರಿ ಐದು ಚಮಚ ಹಾಕಿದೆ. ಸ್ವಲ್ಪ ಪುಡಿ ಚೆಲ್ಲಿದಾಗ ಜೀವ ಹೋದಂತಾಯಿತು. ಪುಟ್ಟಿ ಕಣ್ಣು ಮುಚ್ಚಿಕೊಂಡು, ಕಡೆಯ ಹನಿಯವರೆಗೂ ಕುಡಿದು, ಬಾಟಲಿ ಬಾಯಲ್ಲಿರುವಾಗಲೇ ನಿದ್ದೆ ಹೋದಳು. ಎರಡು ತಾಸಾಯಿತು, ಇನ್ನೂ ಎದ್ದಿಲ್ಲ. ಇಷ್ಟು ಹೊತ್ತು ಅವಳು ಅಳದೆ ಮಲಗಿದ್ದು ನೆನಪೇ ಇಲ್ಲ.

ಹಟಮಾರಿ, ಅಳುಬುರುಕಿ ಎಂದು ಬಂದವರ ಮುಂದೆಲ್ಲ ನಾನೇ ಹೇಳಿಕೊಂಡು ನಗುತ್ತಿದ್ದೆ. ಅವಳಿಗೆ ಹಸಿವಾಗಿತ್ತು. ಇಷ್ಟು ದಿನವೂ ಬರೀ ಹಸಿವೇ ಆಗಿತ್ತು.

ಐದರಂತೆ ಹಾಕಿದರೆ ಡಬ್ಬಿ ಗುರುವಾರದವರೆಗೆ ಬರುತ್ತದೆ. ಇನ್ನು ಮೂರು ಹಾಕಲು ನನ್ನ ಕೈ ಏಳುವುದಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಬಾಯಿ ತೆರೆದಾಗ ನಾನು ಯಾರ ಮನೆಗೆ ಹೋಗಿ ಕೈ ಚಾಚಲಿ?