ವಾಲ್ವಿಗೆ ಕೈ ಹಾಕಿದವಳು

ಚಿಕ್ಕ ಸೊಸೆಗೆ ಅತ್ತೆಯ ಆಶೀರ್ವಾದ.

"ನನ್ನ ಬೈಕಿನ ವಾಲ್ವ್ ಟಿಕ್ ಟಿಕ್ ಅನ್ನುತ್ತಿದೆ, ನಾನೇ ಸರಿಮಾಡಿಕೊಳ್ಳಲಾ?" ಎಂದು ನೀನು ಕೇಳಿದಾಗ, "ದೊಡ್ಡ ಮೆಕ್ಯಾನಿಕ್ಕು ಇವಳು! ಸುಮ್ಮನಿರು" ಎಂದು ಎಲ್ಲರೆದುರು ಗದರಿಸಿದ್ದೆ. ಮರುದಿನ ನೀನು ಕೆಲಸದಿಂದ ಬಂದು ಬೈಕ್ ನಿಲ್ಲಿಸಿದ ಕೂಡಲೇ ನಿನಗೆ ಗೊತ್ತಾಗದಂತೆ ವಾಲ್ವಿನ ಮುಚ್ಚಳ ಬಿಚ್ಚಿದವಳು ನಾನು. ಮೂವತ್ತು ವರ್ಷ ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡವಳಿಗೆ ಇದೇನು ಮಹಾ ಎಂಬ ಜಂಬ. ಸ್ವಲ್ಪವೂ ಅಲುಗದಂತೆ ಸ್ಕ್ರೂ ಬಿಗಿದೆ.

ವಾರದೊಳಗೆ ಬೈಕ್ ನಡುದಾರಿಯಲ್ಲಿ ನಿಂತಿತು. "ನೀನೇ ಕೈಯಾಡಿಸಿದ್ದೀಯ" ಎಂದು ಮಗ ನಿನ್ನನ್ನು ಬೈದಾಗ ನಾನು ಬಾಯಿ ಬಿಡಲಿಲ್ಲ. ನೀನು ನಿನ್ನ ಒಡಹುಟ್ಟಿದ ಅಕ್ಕನ ಮನೆಗೆ ಹೊರಟುಹೋದೆ.

ನಿನ್ನೆ ಮೆಕ್ಯಾನಿಕ್ ಸುಟ್ಟುಹೋದ ವಾಲ್ವ್ ತೋರಿಸಿದ. "ಇಂಜಿನ್ ತಣ್ಣಗಿದ್ದಾಗ ಕೂದಲೆಳೆಯಷ್ಟು ಸಂದು ಬಿಡಬೇಕಮ್ಮಾ. ಬಿಸಿಯಾದರೆ ವಾಲ್ವ್ ಹಿಗ್ಗುತ್ತೆ, ಜಾಗವಿಲ್ಲದಿದ್ದರೆ ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತೆ. ಯಾವ ಪುಣ್ಯಾತ್ಮ ಹೀಗೆ ಬಿಗಿದದ್ದು?" ಎಂದ. ನಾನು ಗೋಡೆ ನೋಡಿದೆ.

ಹೊಸ ವಾಲ್ವ್ ಹಾಕಿದ್ದಾನೆ. ಸಂದು ಸರಿಮಾಡುವುದನ್ನು ಮಾತ್ರ ನಿನಗೆ ಬಿಡಲು ಹೇಳಿದ್ದೇನೆ.

ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ನಡೆದದ್ದನ್ನು ಹೇಳುತ್ತೇನೆ. ಬಾ. ನೀನು ಎದುರಿಗಿಲ್ಲದಿದ್ದರೆ ಅರ್ಧ ತಪ್ಪು ನುಂಗಿಕೊಂಡೇನು ಎಂಬ ಭಯ ನನಗೆ.

ಇಂತಿ,
ನಿನ್ನ ಅತ್ತೆ